ವಾರ್ಡಿನಲ್ಲಿ ‘ಪಿಂಕ್ ಕೊಡಿ’ ಎಂದರೆ ಏನನ್ನು ಕೊಡಬೇಕು?

ಪ್ರಶ್ನೆ – ಹೊಸ ಸ್ಟಾಫ್ ನರ್ಸ್, ಹಾಸನ
ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಹಾಸನದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೇನೆ. ಐವಿ ಕ್ಯಾನುಲಾ (ಡ್ರಿಪ್ ಹಾಕಲು ರಕ್ತನಾಳದಲ್ಲಿ ಇಡುವ ಸಣ್ಣ ಕೊಳವೆ) ಎಂದು ನಾವು ಓದಿದ್ದನ್ನು ಇಲ್ಲಿ ಕೆಲವರು ಬ್ರ್ಯಾಂಡ್ ಹೆಸರಿನಲ್ಲಿ ವೆನ್‌ಫ್ಲಾನ್ ಎನ್ನುತ್ತಾರೆ, ಕೆಲವರು ಬರಿಯ ಬಣ್ಣ ಹೇಳಿ ‘ಪಿಂಕ್ ಕೊಡಿ’ ಎನ್ನುತ್ತಾರೆ. ರೆಕ್ಕೆಯಂಥ ಹಿಡಿಕೆಯ ಸಣ್ಣ ಸೂಜಿ ಇರುವ ಸ್ಕಾಲ್ಪ್ ವೇನ್ ಸೆಟ್ಟಿಗೆ ಬಟರ್‌ಫ್ಲೈ, ಯಾವ ಕಂಪನಿಯ ಪೇಪರ್ ಟೇಪಾದರೂ ಮೈಕ್ರೋಪೋರ್. ಇವು ಹೇಗೋ ರೂಢಿಯಾಗುತ್ತವೆ. ಆದರೆ ಮೆಕಿಂಟಾಷ್ ಎಂಬುದು ವಾರ್ಡಿನಲ್ಲಿ ಒಂದು, ಆಪರೇಷನ್ ಥಿಯೇಟರಿನಲ್ಲಿ ಇನ್ನೊಂದು. ಹಿರಿಯರು ಇದನ್ನೆಲ್ಲ ಹೇಗೆ ನಿಭಾಯಿಸುತ್ತೀರಿ?

ಉತ್ತರ – ನಿವೃತ್ತ ಶುಶ್ರೂಷಕಿ, ಚಿಕ್ಕಮಗಳೂರು
ಮೆಕಿಂಟಾಷ್ ಬಗ್ಗೆ ಚಿಂತೆ ಬೇಡಮ್ಮ. ಹಾಸಿಗೆ ಸಿದ್ಧಪಡಿಸುವವರು ಕೇಳಿದರೆ ಅದು ಹಾಸಿಗೆಯ ನಡುವೆ ಅಡ್ಡ ಹಾಸುವ ಬಟ್ಟೆಯ (ಡ್ರಾಶೀಟಿನ) ಕೆಳಗೆ ಹಾಸುವ ರಬ್ಬರ್ ಶೀಟು, ಅರಿವಳಿಕೆ ವೈದ್ಯರು ಕೇಳಿದರೆ ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ಬಾಗಿದ ಬ್ಲೇಡು. ಒಂದರ ಬದಲು ಇನ್ನೊಂದನ್ನು ಯಾರೂ ಕೈಗೆ ಕೊಡುವುದಿಲ್ಲ. ನಿಜವಾದ ತೊಡಕು ಇರುವುದು ಬಣ್ಣದಲ್ಲಿ. ಕ್ಯಾನುಲಾದಲ್ಲಿ ಪಿಂಕ್ ಎಂದರೆ 20 ಗೇಜ್ (ದಪ್ಪದ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ದಪ್ಪ), ಹಸಿರು 18, ನೀಲಿ 22. ಇಂಜೆಕ್ಷನ್ ಸೂಜಿಯ ಬಣ್ಣಗಳ ಲೆಕ್ಕವೇ ಬೇರೆ: ಅಲ್ಲಿ ಪಿಂಕ್ 18, ಹಸಿರು 21, ನೀಲಿ 23. ಎರಡೂ ಒಂದೇ ಟ್ರೇಯಲ್ಲಿರುವಾಗ ಬಣ್ಣವನ್ನಷ್ಟೇ ಕೂಗಿದರೆ, ಔಷಧ ಎಳೆಯಲು ದಪ್ಪ ಸೂಜಿ ಬೇಕೆಂದು ಕೇಳಿದವರ ಕೈಗೆ ಕ್ಯಾನುಲಾ ಬರುತ್ತದೆ. ಆದ್ದರಿಂದ ಕೇಳಿದವರು ಎಷ್ಟೇ ಹಿರಿಯರಾಗಿರಲಿ, ‘ಇಪ್ಪತ್ತರ ಕ್ಯಾನುಲಾ ತಾನೇ, ಸಿಸ್ಟರ್?’ ಎಂದು ಒಮ್ಮೆ ಹೇಳಿಯೇ ಕೊಡಿ. ಗದರಿದರೆ ಗದರಲಿ.

ಉತ್ತರ – ಸ್ಟೋರ್ ಫಾರ್ಮಸಿಸ್ಟ್, ಹಾಸನ
ಮಾತಿನಲ್ಲಿ ವೆನ್‌ಫ್ಲಾನ್ ಎಂದರೆ ನಮ್ಮ ಅಭ್ಯಂತರವಿಲ್ಲ, ಸ್ಟೋರಿಗೆ ಕಳಿಸುವ ಬೇಡಿಕೆ ಚೀಟಿಯಲ್ಲಿ (ಇಂಡೆಂಟಿನಲ್ಲಿ) ಮಾತ್ರ ದಯವಿಟ್ಟು ಪೂರ್ತಿ ಬರೆಯಿರಿ. ‘ವೆನ್‌ಫ್ಲಾನ್ 20’ ಎಂಬ ಚೀಟಿ ಬಂದರೆ ಅದು 20 ಗೇಜಿನದೋ, ಇಪ್ಪತ್ತು ಬೇಕೆಂದೋ ತಿಳಿಯದೆ ನಾವು ವಾರ್ಡಿಗೆ ಫೋನು ಮಾಡಬೇಕಾಗುತ್ತದೆ, ಅಷ್ಟು ಹೊತ್ತಿಗೆ ಬರೆದವರ ಡ್ಯೂಟಿ ಮುಗಿದಿರುತ್ತದೆ. ‘ಸೆಟ್’ ಎಂದಷ್ಟೇ ಬರೆಯುವುದೂ ಇಂಥದ್ದೇ. ಸಾಮಾನ್ಯವಾಗಿ ಬಳಸುವ ಡ್ರಿಪ್ ಸೆಟ್ಟಿನಲ್ಲಿ ಒಂದು ಎಂಎಲ್‌ಗೆ 20 ಹನಿ, ಮಕ್ಕಳಿಗೆ ಬಳಸುವ ಮೈಕ್ರೋಡ್ರಿಪ್‌ನಲ್ಲಿ 60. ಯಾವುದೆಂದು ನೋಡದೆ ಹನಿ ಎಣಿಸಿದರೆ ದ್ರವದ ಪ್ರಮಾಣ ಮೂರು ಪಟ್ಟು ತಪ್ಪುತ್ತದೆ.

ಉತ್ತರ – ಮೆಡಿಕಲ್ ವಾರ್ಡ್ ಸಿಸ್ಟರ್, ಚಿಕ್ಕಮಗಳೂರು
ರೋಗಿಯ ಕಡೆಯವರ ಭಾಷೆಯನ್ನೂ ಕಲಿತುಕೊಳ್ಳಿ. ನಮ್ಮ ಕಡೆ ಯಾವ ಬಾಟಲಿ ತೂಗುಹಾಕಿದರೂ ‘ಗ್ಲೂಕೋಸ್’ ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಎನ್‌ಎಸ್ (ನಾರ್ಮಲ್ ಸಲೈನ್) ಹಾಕಿದಾಗ ‘ಶುಗರ್ ಇರುವವರಿಗೆ ಗ್ಲೂಕೋಸ್ ಯಾಕೆ?’ ಎಂದು ಮನೆಯವರು ಗಾಬರಿಯಾಗುತ್ತಾರೆ. ಇದು ಬರಿಯ ಉಪ್ಪಿನ ನೀರು, ಸಕ್ಕರೆ ಇಲ್ಲ ಎಂದು ಬಾಟಲಿಯ ಚೀಟಿ ತೋರಿಸಿ ಮೊದಲೇ ಹೇಳಿಬಿಡಿ.