ಎಳನೀರು ಮಚ್ಚಿಗೆ ಲೈಸೆನ್ಸ್ ಬೇಕೇನ್ರಿ?

ಗಂಗಾವತಿಯಲ್ಲಿ ಎಳನೀರು ವ್ಯಾಪಾರ. ಮಚ್ಚಿನ ಅಲಗು 11 ಇಂಚು ಐತಿ. ರಾತ್ರಿ ಬೈಕಿನಾಗ ಮನೆಗೆ ಒಯ್ಯಬೇಕು. ಪೊಲೀಸರು ಹಿಡಿದರೆ?

ಉತ್ತರ 1: ಶಸ್ತ್ರಾಸ್ತ್ರ ಕಾಯ್ದೆ (1959) ಕೇಂದ್ರದ್ದು, ಕೊಪ್ಪಳಕ್ಕೂ ರಾಯಚೂರಿಗೂ ಒಂದೇ. 2016ರ ನಿಯಮದ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಇಲ್ಲವೇ 2 ಇಂಚಿಗಿಂತ ಅಗಲ ಇದ್ದರೆ ಆಯುಧ. ಆದರೆ ಮನೆಗೆಲಸ, ಒಕ್ಕಲುತನಕ್ಕೆಂದು ಮಾಡಿದ್ದು ಆ ಲೆಕ್ಕಕ್ಕೆ ಬರಲ್ಲ. ಅಳೆಯುವಾಗ ಹಿಡಿ ಬಿಟ್ಟು ಅಲಗಷ್ಟೇ ಅಳೀರಿ.

ಉತ್ತರ 2: ವಿನಾಯಿತಿ ಸರಿ, ಆದ್ರೆ ಸೊಂಟಕ್ಕೆ ಸಿಗಿಸಿಕೊಂಡು ಹೋದ್ರೆ ಯಾರಿಗಾದ್ರೂ ಅನುಮಾನ ಬರುತ್ತೆ. ಗೋಣಿತಟ್ಟಿನಲ್ಲಿ ಬಿಗಿಯಾಗಿ ಸುತ್ತಿ, ಕಾಯಿಚೀಲದ ಜೊತೆಗೇ ಕಟ್ಟಿ. ಚುನಾವಣೆ, ಗಲಾಟೆ ಹೊತ್ತಲ್ಲಿ ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲು ಬಂದ ಹೊಸ ಕಾನೂನು) ಸೆಕ್ಷನ್ 163ರಡಿ (ಹಳೇ 144) ನಿಷೇಧಾಜ್ಞೆ ಬಂದರೆ ಆದೇಶ ಪೂರ್ತಿ ಓದಿ. ಮಾರಕಾಸ್ತ್ರ ಒಯ್ಯಬಾರದು ಅಂತಿದ್ದರೆ ಮಚ್ಚು ಅಂಗಡಿಯಲ್ಲೇ ಬೀಗ ಹಾಕಿಡಿ.