ಹಳೆಯ ಆಲ್ಟೊ ಕಾರಿನ ಸ್ಟೀರಿಂಗ್‌ಗೆ ಆಡಿಯೋ ಬಟನ್ ಹಾಕಿಸಬಹುದೇ?

ಮೂಡಿಗೆರೆ_ಆಲ್ಟೊ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2008ರ ಮಾರುತಿ ಆಲ್ಟೊ ಎಲ್‌ಎಕ್ಸ್‌ಐ ಇದೆ. ಎಂಜಿನ್ ಇನ್ನೂ ಚೆನ್ನಾಗಿರುವುದರಿಂದ ಅದನ್ನು ಮಾರುವ ಮನಸ್ಸಿಲ್ಲ. ಕಳೆದ ವರ್ಷ ಅದರ ಹಳೆಯ ಸ್ಟೀರಿಯೋ ಕೆಟ್ಟಾಗ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸಿದೆ. ಹಾಡು ಕೇಳಲು, ಫೋನ್ ಕರೆ ತೆಗೆದುಕೊಳ್ಳಲು ಅದು ಅನುಕೂಲವೇ, ಆದರೆ ಹಳೆಯದರಲ್ಲಿ ಕಣ್ಣು ಹಾಯಿಸದೆಯೇ ತಿರುಗಿಸಬಹುದಾಗಿದ್ದ ಗುಂಡಿ ಇದರಲ್ಲಿಲ್ಲ; ದನಿ ತಗ್ಗಿಸಬೇಕೆಂದರೂ ಪರದೆಯನ್ನು ನೋಡಿ ಮುಟ್ಟಬೇಕು. ನಾನು ವಾರಕ್ಕೊಮ್ಮೆ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗುವವನು. ಅಲ್ಲಿನ ತಿರುವುಗಳಲ್ಲಿ, ಅದರಲ್ಲೂ ಮಳೆಗಾಲದ ಮಂಜಿನಲ್ಲಿ, ರಸ್ತೆಯಿಂದ ಕಣ್ಣು ತೆಗೆಯುವುದು ಎಂಥ ಕೆಲಸವೆಂದು ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು.

ಸ್ಟೀರಿಯೋದ ಹಿಂಬದಿಯಲ್ಲಿ ಕೀ 1, ಕೀ 2 ಎಂದು ಚೀಟಿ ಅಂಟಿಸಿರುವ ಎರಡು ವೈರುಗಳು ಯಾವುದಕ್ಕೂ ಸೇರದೆ ಹಾಗೆಯೇ ಉಳಿದಿವೆ. ಅವು ಸ್ಟೀರಿಂಗ್ ಬಟನ್‌ಗಳಿಗೆ ಎಂದು ಅಂಗಡಿಯವರು ಹೇಳಿದರು. ಸ್ಟೀರಿಂಗ್ ಮೇಲೆ ಬಟನ್ ಕೂರಿಸಿ, ವೈರನ್ನು ಕಾಲಂಗೆ (ಸ್ಟೀರಿಂಗ್ ಕೂತಿರುವ ಕಂಬಕ್ಕೆ) ನಾಲ್ಕು ಸುತ್ತು ಸಡಿಲವಾಗಿ ಸುತ್ತಿ ಕೆಳಗೆ ಇಳಿಸಿಕೊಡುತ್ತೇವೆ ಎಂದೂ ಹೇಳಿದ್ದಾರೆ. ಅದು ಸರಿಯಾದ ವಿಧಾನವೇ? ಅಥವಾ ಬಟನ್ ಇರುವ ಹೊಸ ಮಾದರಿಯ ಸ್ಟೀರಿಂಗನ್ನೇ ಗುಜರಿಯಿಂದ ತಂದು ಹಾಕಬಹುದೇ?

ಬೆಸುಗೆಗಾರ:

ಮೂಡಿಗೆರೆಯವರೇ, ಬಟನ್ ಕೂರಿಸುವುದು ಈ ಕೆಲಸದಲ್ಲಿ ಸುಲಭದ ಭಾಗ. ತಿರುಗುವ ಚಕ್ರದಿಂದ ತಿರುಗದ ಕಾಲಂಗೆ ವೈರು ಹೇಗೆ ದಾಟಬೇಕು ಎಂಬುದೇ ನಿಜವಾದ ತೊಡಕು. ಸ್ಟೀರಿಂಗ್ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮೂರು ಸುತ್ತಿಗೂ ಮೀರಿ ತಿರುಗುತ್ತದೆ. ಕಾಲಂಗೆ ಸಡಿಲವಾಗಿ ಸುತ್ತಿದ ವೈರು ಮೊದಲ ದಿನ ಸರಿಯಾಗಿಯೇ ಇರುತ್ತದೆ. ಅದು ಒಳಗೆ ಎಲ್ಲಿ ಮಡಚಿಕೊಳ್ಳುತ್ತದೆ, ಎಲ್ಲಿ ಉಜ್ಜುತ್ತದೆ ಎಂಬುದು ಮುಚ್ಚಳ ಹಾಕಿದ ಮೇಲೆ ಯಾರಿಗೂ ಕಾಣುವುದಿಲ್ಲ. ದಯವಿಟ್ಟು ಆ ಕೆಲಸಕ್ಕೆ ಒಪ್ಪಬೇಡಿ.

ಕಾರು ತಯಾರಕರು ಇದಕ್ಕೆ ಕ್ಲಾಕ್ ಸ್ಪ್ರಿಂಗ್ ಎಂಬ ಭಾಗವನ್ನು ಬಳಸುತ್ತಾರೆ. ದುಂಡಗಿನ ಪ್ಲಾಸ್ಟಿಕ್ ಡಬ್ಬಿಯೊಳಗೆ ಚಪ್ಪಟೆಯಾದ, ಪಟ್ಟಿಯಂಥ ವೈರು ಗಡಿಯಾರದ ಸ್ಪ್ರಿಂಗಿನಂತೆ ಸುರುಳಿಯಾಗಿರುತ್ತದೆ. ಸ್ಟೀರಿಂಗ್ ತಿರುಗಿದಂತೆ ಸುರುಳಿ ಬಿಗಿಯಾಗುತ್ತದೆ ಇಲ್ಲವೇ ಸಡಿಲವಾಗುತ್ತದೆ, ಆದರೆ ಸಂಪರ್ಕ ಮಾತ್ರ ಒಂದು ಕ್ಷಣವೂ ತಪ್ಪುವುದಿಲ್ಲ. ಚಾಲಕನ ಏರ್‌ಬ್ಯಾಗ್‌ಗೆ ಇಂಥ ಖಾತ್ರಿಯ ಸಂಪರ್ಕ ಬೇಕೇ ಬೇಕು, ಹಾಗಾಗಿ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಈ ಭಾಗ ಇದ್ದೇ ಇರುತ್ತದೆ. ನಮ್ಮ ದೇಶದಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ನಿಮ್ಮ ಕಾರು ಅದಕ್ಕಿಂತ ಹನ್ನೊಂದು ವರ್ಷ ಹಳೆಯದು, ಹಾಗಾಗಿ ಅದರಲ್ಲಿ ಈ ಭಾಗ ಇರಲಿಕ್ಕಿಲ್ಲ.

ಹೊಸ ಮಾದರಿಯ ಸ್ಟೀರಿಂಗ್ ತರುವ ಆಲೋಚನೆಯನ್ನೂ ಬಿಡುವುದು ಒಳ್ಳೆಯದು. ಸ್ಟೀರಿಂಗ್ ಚಕ್ರದ ನಡುವಿನ ಹಲ್ಲುಗಳು ಕಾಲಂ ಒಳಗೆ ತಿರುಗುವ ದಂಡದ ಹಲ್ಲುಗಳಿಗೆ ಕರಾರುವಾಕ್ಕಾಗಿ ಕೂರಬೇಕು. ಕೂತರೂ ಕ್ಲಾಕ್ ಸ್ಪ್ರಿಂಗ್ ಇಲ್ಲದೆ ಆ ಬಟನ್‌ಗಳು ಅಲಂಕಾರಕ್ಕಷ್ಟೇ. ಮೊದಲು ಹಾರ್ನ್ ಪ್ಯಾಡ್ (ಸ್ಟೀರಿಂಗ್ ನಡುವೆ ಹಾರ್ನ್‌ಗಾಗಿ ಒತ್ತುವ ಮುಚ್ಚಳ) ತೆಗೆದು ಹಿಂದೆ ಏನಿದೆ ಎಂದು ನೋಡಿ ತಿಳಿಸಿ. ತೆಗೆಯುವ ಮುನ್ನ ಬ್ಯಾಟರಿಯ ನೆಗೆಟಿವ್ ಕಳಚಿ, ಇಲ್ಲವಾದರೆ ಹಾರ್ನ್ ಕೂಗಿ ಊರೆಲ್ಲ ಎದ್ದೀತು.

ಘಟ್ಟದ_ದಾರಿ:

ಕಾಲಂಗೆ ವೈರು ಸುತ್ತಿಸಿಕೊಂಡು ಅನುಭವಿಸಿದವನು ನಾನು. ಕಾರು ಬೇರೆ, ಕಥೆ ಇದೇ. ಮೂರು ತಿಂಗಳು ಎಲ್ಲವೂ ಚೆನ್ನಾಗಿತ್ತು. ಒಂದು ದಿನ ಪೇಟೆಯ ನಡುವೆ ಕಾರು ನಿಲ್ಲಿಸಲು ಸ್ಟೀರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದಾಗ ಸುತ್ತಿದ ವೈರು ಹಾರ್ನ್ ವೈರನ್ನೂ ಎಳೆದುಕೊಂಡು ತುಂಡಾಗಿ, ಹಾರ್ನ್ ವೈರಿನ ತುದಿ ಕಬ್ಬಿಣಕ್ಕೆ ತಾಗಿ, ಹಾರ್ನ್ ನಿಲ್ಲದೆ ಕೂಗತೊಡಗಿತು. ಬಾನೆಟ್ ಎತ್ತಿ ಫ್ಯೂಸ್ ಕೀಳುವವರೆಗೂ ಸುತ್ತ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅದಕ್ಕಿಂತ ಭಯ ಹುಟ್ಟಿಸಿದ್ದು ಬೇರೆ ಸಂಗತಿ: ಬಿಚ್ಚಿ ನೋಡಿದಾಗ ತುಂಡಾದ ವೈರು ಕಾಲಂನ ಸಂದಿಯಲ್ಲಿ ಬಿಗಿಯಾಗಿ ಸಿಕ್ಕಿಹಾಕಿಕೊಂಡಿತ್ತು. ಅದೇ ಘಾಟಿಯಲ್ಲಿ ಆಗಿದ್ದರೆ ಎಂದು ಈಗಲೂ ಯೋಚಿಸುತ್ತೇನೆ.

ಆಮೇಲೆ ನಾನು ವೈರಿಲ್ಲದ ಬಟನ್ ಕಿಟ್ ಹಾಕಿಸಿಕೊಂಡೆ. ಸ್ಟೀರಿಂಗ್‌ನ ಅಡ್ಡಪಟ್ಟಿಗೆ ಕ್ಲಿಪ್ಪಿನಿಂದ ಕೂರುವ ಬಟನ್‌ಗಳ ಜೋಡಿ, ಅದರೊಳಗೆ ನಾಣ್ಯದಂಥ ಸಿಆರ್ 2032 ಸೆಲ್, ಡ್ಯಾಶ್‌ಬೋರ್ಡಿನ ಒಳಗೆ ಪುಟ್ಟ ರಿಸೀವರ್ ಡಬ್ಬಿ. ಇಷ್ಟೇ ಅದರ ಸಾಮಾನು. ರಿಸೀವರ್‌ನ ವೈರುಗಳು ನೀವು ಹೇಳಿದ ಕೀ 1, ಕೀ 2ಕ್ಕೇ ಸೇರುತ್ತವೆ. ರಿಸೀವರ್‌ಗೆ ಕರೆಂಟನ್ನು ಚಾವಿ ತಿರುಗಿಸಿದಾಗ ಮಾತ್ರ ಬರುವ ಕೆಂಪು ವೈರಿನಿಂದ ಕೊಡಬೇಕು, ಸದಾ ಜೀವಂತವಾಗಿರುವ ಹಳದಿ ವೈರಿನಿಂದ ಕೊಟ್ಟರೆ ಕಾರು ವಾರಗಟ್ಟಲೆ ನಿಂತಾಗ ಬ್ಯಾಟರಿ ಇಳಿಯುತ್ತದೆ. ದೋಷವೂ ಇದೆ, ಹೇಳಿಬಿಡುತ್ತೇನೆ: ಚರ್ಮದ ಕವರ್ ಹಾಕಿದ ಸ್ಟೀರಿಂಗ್ ಮೇಲೆ ಆ ಕ್ಲಿಪ್ಪು ಜಾರುತ್ತದೆ, ಕತ್ತಲಲ್ಲಿ ಯಾವ ಬಟನ್ ಯಾವುದೆಂದು ಬೆರಳಿಗೆ ತಿಳಿಯುವುದಿಲ್ಲ.

ಮೂಡಿಗೆರೆ_ಆಲ್ಟೊ:

ಇಬ್ಬರಿಗೂ ಧನ್ಯವಾದ. ಹಾರ್ನ್ ಪ್ಯಾಡ್ ತೆಗೆದು ನೋಡಿದೆ. ಕ್ಲಾಕ್ ಸ್ಪ್ರಿಂಗ್ ಇಲ್ಲ. ಒಂದೇ ಒಂದು ಲೋಹದ ಬಳೆ, ಅದಕ್ಕೆ ಒತ್ತಿಕೊಂಡು ನಿಲ್ಲುವ ಸ್ಪ್ರಿಂಗ್ ಇರುವ ಒಂದು ಕಡ್ಡಿ. ಬ್ಯಾಟರಿ ಮತ್ತೆ ಜೋಡಿಸಿ ಮಲ್ಟಿಮೀಟರ್ ಹಿಡಿದಾಗ ಆ ಕಡ್ಡಿಯಲ್ಲಿ 12 ವೋಲ್ಟ್ ತೋರಿಸಿತು. ಸ್ಟೀರಿಯೋದ ಕೀ 1 ವೈರಿನಲ್ಲಿ 3.3 ವೋಲ್ಟ್ ಇದೆ. ಈ ಬಳೆ ಹೇಗೂ ತಿರುಗುತ್ತಲೇ ಸಂಪರ್ಕ ಕೊಡುತ್ತದಲ್ಲ, ಆಡಿಯೋ ಬಟನ್‌ಗಳನ್ನೂ ಅದರ ಮೂಲಕವೇ ಹಾಯಿಸಬಹುದಲ್ಲವೇ?

ಬೆಸುಗೆಗಾರ:

ಕಡ್ಡಿಯಲ್ಲಿ 12 ವೋಲ್ಟ್ ಇದೆ ಎಂದು ಅಳೆದು ನೋಡಿದ್ದು ನಿಮ್ಮ ಸ್ಟೀರಿಯೋವನ್ನು ಉಳಿಸಿತು. ಹಾರ್ನ್ ಒತ್ತಿದಾಗ ಆ ಬಳೆ ಅರ್ತ್‌ಗೆ (ಬ್ಯಾಟರಿಯ ನೆಗೆಟಿವ್ ಸೇರಿರುವ ಕಾರಿನ ಲೋಹದ ಮೈಗೆ) ತಾಗುತ್ತದೆ, ಒತ್ತದಿದ್ದಾಗ ಅದರಲ್ಲಿ ಬ್ಯಾಟರಿಯ 12 ವೋಲ್ಟ್ ನಿಂತಿರುತ್ತದೆ. 3.3 ವೋಲ್ಟಿನ ಕೀ ವೈರನ್ನು ಅದಕ್ಕೆ ಸೇರಿಸಿದ್ದರೆ ಸ್ಟೀರಿಯೋದ ಆ ಭಾಗ ಸುಟ್ಟುಹೋಗುತ್ತಿತ್ತು.

ಬೇರೆಯೇ ಬಳೆಯೊಂದನ್ನು ಕೂರಿಸಿದರೂ ಈ ಕೆಲಸಕ್ಕೆ ಅದು ಒಗ್ಗುವುದಿಲ್ಲ. ಕಾರಣ ಹೇಳುತ್ತೇನೆ. ಸ್ಟೀರಿಯೋದೊಳಗೆ ಒಂದು ರೆಸಿಸ್ಟರ್ (ಕರೆಂಟಿನ ಹರಿವನ್ನು ತಡೆಯುವ ಪುಟ್ಟ ಭಾಗ, ಆ ತಡೆಯ ಅಳತೆ ಓಮ್) ಮೂಲಕ 3.3 ವೋಲ್ಟ್ ಕೀ ವೈರಿಗೆ ಬರುತ್ತದೆ. ಪ್ರತಿ ಬಟನ್‌ಗೂ ಬೇರೆ ಬೇರೆ ಓಮ್‌ನ ರೆಸಿಸ್ಟರ್ ಇದ್ದು, ಒತ್ತಿದಾಗ ಕೀ ವೈರು ಆ ರೆಸಿಸ್ಟರ್ ಮೂಲಕ ಅರ್ತ್‌ಗೆ ಸೇರುತ್ತದೆ. ಆಗ ವೈರಿನಲ್ಲಿ ಎಷ್ಟು ವೋಲ್ಟ್ ಉಳಿಯಿತು ಎಂಬುದರಿಂದಲೇ ಯಾವ ಬಟನ್ ಎಂದು ಸ್ಟೀರಿಯೋ ಗುರುತಿಸುತ್ತದೆ. ಒಳಗಿನದು 1 ಕಿಲೋಓಮ್ ಎಂದಿಟ್ಟುಕೊಳ್ಳಿ; 100 ಓಮ್‌ನ ಬಟನ್ ಒತ್ತಿದರೆ 0.30 ವೋಲ್ಟ್, 330 ಓಮ್‌ಗೆ 0.82, 1 ಕಿಲೋಓಮ್‌ಗೆ 1.65, 3.3 ಕಿಲೋಓಮ್‌ಗೆ 2.53 ವೋಲ್ಟ್ ಉಳಿಯುತ್ತದೆ. ಹಳೆಯ ಬಳೆಯ ಮೇಲೆ ಕೊಳೆ, ಗ್ರೀಸ್ ಕೂತು ಸಂಪರ್ಕದಲ್ಲೇ 200 ಓಮ್ ಸೇರಿಕೊಂಡರೆ 100 ಓಮ್‌ನ ಬಟನ್ 300 ಓಮ್‌ನಂತೆ ವರ್ತಿಸಿ 0.76 ವೋಲ್ಟ್ ತೋರಿಸುತ್ತದೆ, ಅಂದರೆ ಪಕ್ಕದ ಬಟನ್ ಎಂದೇ ಸ್ಟೀರಿಯೋ ತಿಳಿಯುತ್ತದೆ. ದನಿ ತಗ್ಗಿಸಲು ಹೋದರೆ ಹಾಡು ಬದಲಾಗುತ್ತದೆ. ಹಾರ್ನ್‌ಗೆ ಇಂಥ ಸೂಕ್ಷ್ಮದ ಹಂಗಿಲ್ಲ, ತಾಗಿದರೆ ಸಾಕು ಕೂಗುತ್ತದೆ.

ನನ್ನ ಸಲಹೆ ಏನೆಂದರೆ, ಬಟನ್‌ಗಳನ್ನು ಚಕ್ರದ ಮೇಲೆ ಇಡುವ ಹಟವನ್ನೇ ಬಿಟ್ಟುಬಿಡಿ. ರೆನೊ ಡಸ್ಟರ್ ಕಾರನ್ನು ಓಡಿಸಿದವರು ನೋಡಿರುತ್ತಾರೆ, ಅದರ ಆಡಿಯೋ ಬಟನ್‌ಗಳು ಚಕ್ರದ ಹಿಂದೆ, ಕಾಲಂಗೆ ಅಂಟಿಕೊಂಡಂತೆ ಇರುತ್ತವೆ. ಕಾಲಂ ತಿರುಗುವುದಿಲ್ಲ, ಆದ್ದರಿಂದ ವೈರು ದಾಟಿಸುವ ತೊಡಕೇ ಅಲ್ಲಿ ಹುಟ್ಟುವುದಿಲ್ಲ. ನೀವೂ ಕಾಲಂನ ಪ್ಲಾಸ್ಟಿಕ್ ಕವರಿನ ಮೇಲೆ, ಚಕ್ರ ಹಿಡಿದ ಕೈಯ ಬೆರಳು ಚಾಚಿದರೆ ಎಟಕುವಲ್ಲಿ, ನಾಲ್ಕು ಒತ್ತುಬಟನ್‌ಗಳನ್ನು ಕೂರಿಸಿಕೊಳ್ಳಿ. ಮೇಲೆ ಹೇಳಿದ ನಾಲ್ಕು ರೆಸಿಸ್ಟರ್‌ಗಳು, ಕೀ 1ಕ್ಕೆ ಒಂದು ವೈರು, ಸ್ಟೀರಿಯೋದ ಕಪ್ಪು ವೈರಿಗೆ ಅರ್ತ್ ಒಂದು, ಇಷ್ಟು ಸಾಕು. ಅರ್ತನ್ನು ಬಾಡಿಯ ಯಾವುದೋ ಬೋಲ್ಟಿನಿಂದ ತೆಗೆದುಕೊಳ್ಳಬೇಡಿ, ತುಕ್ಕು ಹಿಡಿದ ಬೋಲ್ಟು ಕೊಳೆಯಾದ ಬಳೆಯ ಕೆಲಸವನ್ನೇ ಮಾಡುತ್ತದೆ. ನಾಲ್ಕೂ ಬಟನ್ ಕೈಗೆ ಬೇರೆ ಬೇರೆಯಾಗಿ ತಿಳಿಯುವಂತಿರಲಿ. ಒಂದು ಉಬ್ಬು, ಒಂದು ತಗ್ಗು, ಹೀಗೆ. ಬೆಂಗಳೂರಿಗೆ ಹೋಗುವವರು ಯಾರಾದರೂ ಇದ್ದರೆ ಎಸ್.ಪಿ. ರಸ್ತೆಯಲ್ಲಿ ಎಲ್ಲ ಸಾಮಾನೂ ಸಿಗುತ್ತದೆ.

ಜೋಡಿಸಿದ ಮೇಲೆ ಸ್ಟೀರಿಯೋದ ಸೆಟ್ಟಿಂಗ್ಸ್‌ನಲ್ಲಿ ಸ್ಟೀರಿಂಗ್ ಬಟನ್ ಕಲಿಸುವ ಪುಟ ತೆರೆದು, ಬಟನನ್ನು ಒತ್ತಿ ಹಿಡಿದುಕೊಂಡೇ ಪರದೆಯ ಮೇಲೆ ಆ ಕೆಲಸದ ಚಿತ್ರವನ್ನು ಮುಟ್ಟಿದರೆ ಅದು ನೆನಪಿಟ್ಟುಕೊಳ್ಳುತ್ತದೆ.

ಹಾಸನದ_ಓದುಗ:

ನನ್ನ 2013ರ ಕಾರಿನಲ್ಲಿ ಏರ್‌ಬ್ಯಾಗ್ ಇದೆ, ಆದರೆ ಬಟನ್ ಇಲ್ಲ. ಅದೇ ಮಾದರಿಯ ದುಬಾರಿ ಆವೃತ್ತಿಯಲ್ಲಿ ಬಟನ್ ಬರುತ್ತದೆ. ನಾನೇ ಬಿಚ್ಚಿ ಹಾಕಿಕೊಳ್ಳಬಹುದೇ?

ಬೆಸುಗೆಗಾರ:

ಹಾಸನದವರೇ, ನಿಮ್ಮ ದಾರಿ ಬೇರೆ. ಕ್ಲಾಕ್ ಸ್ಪ್ರಿಂಗ್ ಇದ್ದೇ ಇದೆ, ಆದರೆ ನಿಮ್ಮ ಆವೃತ್ತಿಯ ಸ್ಪ್ರಿಂಗಿನಲ್ಲಿ ಆಡಿಯೋಗೆ ಬೇಕಾದ ಹೆಚ್ಚುವರಿ ವೈರುಗಳು ಇಲ್ಲದಿರಬಹುದು. ಇಲ್ಲವಾದರೆ ದುಬಾರಿ ಆವೃತ್ತಿಯ ಸ್ಪ್ರಿಂಗ್, ಬಟನ್ ಎರಡನ್ನೂ ಭಾಗದ ಸಂಖ್ಯೆ ನೋಡಿ ತರಿಸಬೇಕು. ಏರ್‌ಬ್ಯಾಗ್ ಬಿಚ್ಚುವ ಕೆಲಸವನ್ನು ಮಾತ್ರ ಅದನ್ನು ಕಲಿತವರ ಕೈಗೇ ಒಪ್ಪಿಸಿ. ಬ್ಯಾಟರಿ ಕಳಚಿದ ಮೇಲೂ ಏರ್‌ಬ್ಯಾಗಿನ ಕಂಟ್ರೋಲ್ ಯೂನಿಟ್ಟಿನಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ತಯಾರಕರ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಲೇಬೇಕು, ನಾನಂತೂ ಹತ್ತು ನಿಮಿಷ ಬಿಟ್ಟೇ ಕೈ ಹಾಕುವುದು. ಏರ್‌ಬ್ಯಾಗಿನ ಹಳದಿ ಕನೆಕ್ಟರ್‌ಗೆ ಮಲ್ಟಿಮೀಟರ್ ಚುಚ್ಚಿ ನೋಡುವ ಕುತೂಹಲ ಬೇಡ, ಮೀಟರಿನ ಅಲ್ಪ ಕರೆಂಟೂ ಏರ್‌ಬ್ಯಾಗ್ ಸಿಡಿಯಲು ಕಾರಣವಾಗಬಹುದು. ಹೊಸ ಸ್ಪ್ರಿಂಗನ್ನು ಕಾರಿನ ಮುಂದಿನ ಚಕ್ರಗಳು ನೇರವಾಗಿರುವಾಗ, ಸುರುಳಿ ಸರಿಯಾಗಿ ನಡುವೆ ಇರುವಂತೆ ಕೂರಿಸಬೇಕು. ಒಂದೇ ಸುತ್ತು ತಪ್ಪಿದರೂ ಪೂರ್ತಿ ತಿರುಗಿಸಿದ ದಿನ ಪಟ್ಟಿ ಹರಿದು ಏರ್‌ಬ್ಯಾಗಿನ ದೀಪ ಉರಿಯುತ್ತದೆ.

ಮೂಡಿಗೆರೆ_ಆಲ್ಟೊ:

ಬೆಸುಗೆಗಾರರೇ, ನೀವು ಹೇಳಿದಂತೆಯೇ ಮಾಡಿದೆ. ಮೊದಲು ಕವರಿನ ಎಡಭಾಗದ ಮೇಲೆ ಬಟನ್ ಕೂರಿಸಲು ಗುರುತು ಹಾಕಿದ್ದೆ, ಆದರೆ ವೈಪರ್ ಕಡ್ಡಿ ಎಳೆಯುವಾಗ ಬೆರಳ ಗೆಣ್ಣು ತಾಗುತ್ತಿತ್ತು. ಎರಡು ಅಂಗುಲ ಕೆಳಗೆ ಇಳಿಸಿದ ಮೇಲೆ ಸರಿಯಾಯಿತು. ದನಿ ಏರಿಸಲು, ಇಳಿಸಲು, ಪೂರ್ತಿ ನಿಲ್ಲಿಸಲು ಒಂದೊಂದು, ಕರೆ ತೆಗೆದುಕೊಳ್ಳಲು ಒಂದು. ಹಾಡು ಬದಲಿಸುವ ಬಟನ್ ಬೇಕೆಂದೇ ಬಿಟ್ಟೆ, ಘಾಟಿಯಲ್ಲಿ ಅದರ ಅಗತ್ಯವಿಲ್ಲ. ಮೂರು ಬಟನ್‌ಗಳನ್ನು ಸ್ಟೀರಿಯೋ ಕೂಡಲೇ ಕಲಿತುಕೊಂಡಿತು, 3.3 ಕಿಲೋಓಮ್‌ನದನ್ನು ಮಾತ್ರ ಎಷ್ಟು ಒತ್ತಿದರೂ ಗುರುತಿಸಲಿಲ್ಲ. ಅದನ್ನು ತೆಗೆದು 2.2 ಕಿಲೋಓಮ್ ಹಾಕಿ ಬೆಸುಗೆ ಮಾಡಿದೆ, ಈಗ ನಾಲ್ಕೂ ಕೆಲಸ ಮಾಡುತ್ತಿವೆ.