ಜೆನೆರಿಕ್ ಮಾತ್ರೆ ಅಂದ್ರೆ ಪವರ್ ಕಮ್ಮಿನಾ?

ಹಸಿರುಗರಿ:
ನಮ್ಮಪ್ಪಂಗೆ ಬಿಪಿಗೆ ಆಮ್ಲೋಡಿಪಿನ್ 5 ಎಂಜಿ ಬಹಳ ವರ್ಷದಿಂದ ನಡೀತಿದೆ, ಒಂದೇ ಕಂಪನಿದು. ಈ ಸಲ ಡಾಕ್ಟರನ್ನ ಕೇಳಿ ಜೆನೆರಿಕ್ (ಮೂಲ ಕಂಪನಿ ಅಲ್ದೆ ಬೇರೆಯವ್ರು ತಯಾರಿಸೋ ಅದೇ ಔಷಧಿ) ತಂದ್ಕೊಟ್ಟೆ. ಸ್ಟ್ರಿಪ್ ಮೇಲೆ ಅದೇ ಸಾಲ್ಟ್ (ಔಷಧಿಯ ಮೂಲವಸ್ತು), ಅದೇ ಎಂಜಿ, ಮಾತ್ರೆ ಆಕಾರ ಮಾತ್ರ ಬೇರೆ. ಶುರು ಮಾಡಿ ವಾರನೂ ಆಗಿಲ್ಲ, ತಲೆ ಭಾರ, ಇದ್ರಲ್ಲಿ ಪವರ್ರೇ ಇಲ್ಲ ಅಂತ ಒಂದೇ ಹಠ. ಮಿಷನ್ನಲ್ಲಿ ನೋಡಿದ್ರೆ ಬಿಪಿ ಮುಂಚಿನಷ್ಟೇ ಇದೆ! ಜೆನೆರಿಕ್‌ನಲ್ಲಿ 20 ಪರ್ಸೆಂಟ್ ಔಷಧಿ ಕಮ್ಮಿ ಹಾಕೋಕೆ ರೂಲ್ಸಲ್ಲೇ ಅವಕಾಶ ಇದೆ ಅಂತ ಬೇರೆ ಯಾರೋ ಅವ್ರ ತಲೆಗೆ ತುಂಬಿದ್ದಾರೆ. ನಿಜನಾ ಇದು?

ಬಿಳಿಕೋಟು:
ಇಲ್ಲ ಸರ್, ಆ 20 ಪರ್ಸೆಂಟ್ ಕಥೆ ಎಲ್ಲಾ ಕಡೆ ಓಡಾಡ್ತಿದೆ. ಮಾತ್ರೆಲಿ 5 ಎಂಜಿ ಅಂದ್ರೆ 5 ಎಂಜಿನೇ ಇರ್ಬೇಕು. ಆ 20 ಹುಟ್ಟಿದ್ದು 80ರಿಂದ 125 ಪರ್ಸೆಂಟ್ ಅನ್ನೋ ರೂಲ್‌ನಿಂದ, ಅದು ಮೂಲ ಬ್ರ್ಯಾಂಡಿಗೆ ಹೋಲಿಸಿ ರಕ್ತಕ್ಕೆ ಸೇರೋ ಔಷಧಿಯ ಲೆಕ್ಕ. ವಾಲಂಟಿಯರ್‌ಗಳಿಗೆ ಒಂದ್ಸಲ ಮೂಲ ಬ್ರ್ಯಾಂಡು, ಸ್ವಲ್ಪ ದಿನ ಬಿಟ್ಟು ಜೆನೆರಿಕ್ ಕೊಟ್ಟು, ಪ್ರತಿ ಸಲನೂ ಗಂಟೆಗಟ್ಟಲೆ ರಕ್ತ ತೆಗೆದು ಔಷಧಿ ಎಷ್ಟು ಏರ್ತು, ಒಟ್ಟು ಎಷ್ಟು ಸೇರ್ತು ಅಂತ ನೋಡ್ತಾರೆ, ಜೆನೆರಿಕ್‌ಗೂ ಬ್ರ್ಯಾಂಡಿಗೂ ಇರೋ ಅನುಪಾತದ 90 ಪರ್ಸೆಂಟ್ ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ) ಪೂರ್ತಿಯಾಗಿ 80ರಿಂದ 125ರ ಒಳಗೇ ಕೂರ್ಬೇಕು. ಸರಾಸರಿ 80ರ ಹತ್ರ ಇದ್ರೆ ಇಂಟರ್ವಲ್ ಆಚೆ ಹೋಗಿ ಫೇಲೇ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ 2,070 ಸ್ಟಡಿ ಒಟ್ಟಿಗೆ ನೋಡಿದಾಗ ಒಟ್ಟು ಹೀರಿಕೆಯಲ್ಲಿ ಸರಾಸರಿ ವ್ಯತ್ಯಾಸ ಸಿಕ್ಕಿದ್ದು ಸುಮಾರು 3.5 ಪರ್ಸೆಂಟ್. ಅಗ್ಗ ಯಾಕಂದ್ರೆ ಹೊಸ ಔಷಧಿ ಹುಡುಕೋ ಖರ್ಚು, ದೊಡ್ಡ ಟ್ರಯಲ್ ಖರ್ಚು ಇವ್ರಿಗಿಲ್ಲ, ಅಷ್ಟೇ.

ಸಂಶಯಪ್ಪ:
ಪೇಪರ್ ಮೇಲೆ ಎಲ್ಲಾ ಚೆನ್ನಾಗೇ ಇರುತ್ತೆ. ಖಿನ್ನತೆಗೆ ಕೊಡೋ ಬುಪ್ರೊಪಿಯಾನ್ ಎಕ್ಸ್‌ಎಲ್ 300 ಎಂಜಿ ಕಥೆ ಗೊತ್ತಾ? ಅಮೆರಿಕದಲ್ಲಿ ಒಂದು ಜೆನೆರಿಕ್ ಕೆಲಸ ಮಾಡ್ತಿಲ್ಲ ಅಂತ ಪೇಷಂಟುಗಳು ವರ್ಷಗಟ್ಟಲೆ ಬಡ್ಕೊಂಡ್ರು, ಯಾರೂ ಸರಿಯಾಗಿ ಕಿವಿಗೆ ಹಾಕ್ಕೊಳ್ಳಲಿಲ್ಲ. ಅದಕ್ಕೆ ಅಪ್ರೂವಲ್ ಸಿಕ್ಕಿದ್ದೇ 150 ಎಂಜಿ ಡೇಟಾ ನೋಡಿ. ಕೊನೆಗೆ ಎಫ್‌ಡಿಎ ತಾನೇ 300 ಟೆಸ್ಟ್ ಮಾಡಿಸಿ, 2012ರಲ್ಲಿ ಅದು ಮೂಲ ಬ್ರ್ಯಾಂಡಿಗೆ ಸಮ ಅಲ್ಲ ಅಂತ ಒಪ್ಕೊಂಡು ಮಾರ್ಕೆಟ್ಟಿಂದ ತೆಗೆಸ್ತು. ಹಂಗಾಗಿ ಎಲ್ಲಾ ನಿಮ್ಮ ಭ್ರಮೆ ಅಂತ ತಳ್ಳಿಹಾಕೋದು ನಂಗೆ ಹಿಡಿಸಲ್ಲ.

ಬಿಳಿಕೋಟು:
ಒಪ್ತೀನಿ. ಆದ್ರೆ ಅದು ನಿಧಾನಕ್ಕೆ ಬಿಡುಗಡೆ ಆಗೋ ಮಾತ್ರೆ, ಸಾದಾ ಮಾತ್ರೆಗಿಂತ ಅದರ ಮೇಕಿಂಗ್ ತುಂಬಾ ಕಷ್ಟ.

ಮಳೆಬಿಲ್ಲು:
ಥೈರಾಕ್ಸಿನ್ (ಥೈರಾಯ್ಡ್‌ಗೆ), ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂಗೆ), ಫಿನಿಟೋಯಿನ್ (ಮೂರ್ಛೆರೋಗಕ್ಕೆ) ಇಂಥವಾದ್ರೆ ನಾನೂ ಹುಷಾರು ಅಂತಿದ್ದೆ, ಡೋಸ್ ಚೂರು ಆಚೀಚೆ ಆದ್ರೂ ಎಡವಟ್ಟಾಗುತ್ತೆ, ಪದೇ ಪದೇ ಕಂಪನಿ ಬದಲಾಯಿಸಬಾರದು, ಬದಲಾಯಿಸಿದ್ರೆ ರಕ್ತ ಟೆಸ್ಟ್ ಮಾಡಿಸ್ಬೇಕು. ಆಮ್ಲೋಡಿಪಿನ್ ಆ ಗುಂಪಲ್ಲ. ಅದರ ಅರ್ಧಾಯುಷ್ಯನೇ (ರಕ್ತದಲ್ಲಿರೋ ಔಷಧಿ ಅರ್ಧಕ್ಕೆ ಇಳಿಯೋ ಸಮಯ) 30ರಿಂದ 50 ಗಂಟೆ, ಹಳೇ ಮಾತ್ರೆನೇ ಇನ್ನೂ ಸ್ವಲ್ಪ ದಿನ ಮೈಯಲ್ಲಿರುತ್ತೆ, ಅದಕ್ಕೇ ಒಂದೆರಡು ದಿನದಲ್ಲಿ ತೀರ್ಮಾನ ಮಾಡ್ಬೇಡಿ, ಎರಡು ವಾರ ಬೆಳಗ್ಗೆ ಸಂಜೆ ಬಿಪಿ ಬರೆದು ಡಾಕ್ಟರಿಗೆ ತೋರಿಸಿ. ಹಂಗಂತ ಅಪ್ಪನ ತಲೆಭಾರ ಸುಳ್ಳು ಅನ್ಬೇಡಿ, ಮಾತ್ರೆ ಮೇಲೆ ನಂಬಿಕೆ ಇಲ್ದಿದ್ರೆ ನಿಜವಾಗ್ಲೂ ತಲೆ ನೋಯಬಹುದು, ಅದಕ್ಕೆ ನೊಸಿಬೊ ಅಂತಾರೆ.

ಹಸಿರುಗರಿ:
ಥ್ಯಾಂಕ್ಸ್. ಹಳೇ ಸ್ಟ್ರಿಪ್ಪಲ್ಲಿ ಇನ್ನೂ ಸ್ವಲ್ಪ ಮಾತ್ರೆ ಉಳಿದಿದೆ, ಅವ್ರ ಡಬ್ಬೀಲೇ ಇದೆ.

ಮಳೆಬಿಲ್ಲು:
ಅಯ್ಯೋ ಅದನ್ನ ಮೊದ್ಲು ಎತ್ತಿಡಿ! ನೋಡೋಕೆ ಬೇರೆ ಬೇರೆ ಇರೋದ್ರಿಂದ ಎರಡನ್ನೂ ನುಂಗಿಬಿಡೋರು ಇದ್ದಾರೆ.